ಪಾರಮ್ಮ ಅತ್ತದ್ದು, ಪ್ರಭುಲಿಂಗ ಹಾಡಿದ್ದು

ಬಾದನಹಟ್ಟಿಯ ಪಾರಮ್ಮನಿಗೆ ಒಂದು ಹೆಸರು ಬಾಕಿ ಬರಬೇಕು. ಇಟ್ಟುಕೊಂಡು ಕೂತವರು ಬಡ್ಡಿ ವ್ಯಾಪಾರದವರೇನಲ್ಲ. ಹಾಡು ಕಟ್ಟುವವರು, ಹಲಗೆ ಬಾರಿಸುವವರು, ಬಡವರ ಪರ ನಿಂತು ಬೆನ್ನ ಮೇಲೆ ಲಾಠಿಯ ಬರೆ ಎಬ್ಬಿಸಿಕೊಂಡವರು. ಅವಳ ಬಾಯಿಂದ ಇಡೀ ಹಾಡು ಇಸಕೊಂಡು ಹೋದರು. ತಿರುಗಿ ಕೊಡುವಾಗ ಒಂದು ಹೆಸರನ್ನು ಮುರಿದುಕೊಂಡು ಕೊಟ್ಟರು. ಆ ಹೆಸರು ಅವಳ ಮಗಳ ಸಾವಿಗೆ ಕಾರಣನಾದವನದು.

ಪಾರಮ್ಮ ಕೂಲಿಯ ಹೆಂಗಸು. ಕಾಲುವೆಗೆ ನೀರು ಬಿಟ್ಟಾಗ ಸಿರುಗುಪ್ಪದ ಕಡೆ ನಾಟಿ, ಚಳಿಗಾಲಕ್ಕೆ ಹತ್ತಿ ಬಿಡಿಸುವುದು, ಅದು ಮುಗಿದರೆ ಮೆಣಸಿನಕಾಯಿ. ಮೆಣಸಿನಕಾಯಿ ಬಿಡಿಸಿದ ಕೈಯನ್ನು ಎಷ್ಟು ತೊಳೆದರೂ ಉರಿ ಹೋಗುವುದಿಲ್ಲ. ಅವಳ ನಾಲಿಗೆಯೂ ಹಾಗೇ ಎಂದು ಜೊತೆಯ ಹೆಂಗಸರು ನಗುತ್ತಿದ್ದರು. ಗದ್ದೆಯ ಯಜಮಾನ ಬದುವಿನ ಮೇಲೆ ನಿಂತು "ಬೇಗ ಬೇಗ ಕೈ ಆಡಸ್ರಿ" ಎಂದರೆ, "ನೀವು ಇಳೀರಿ ಯಪ್ಪಾ, ಇನ್ನೂ ಬೇಗ ಆಗ್ತೈತಿ" ಎನ್ನುವವಳು. ಅವಳಿಗೆ ಇನ್ನೊಂದು ಹೆಸರಿತ್ತು: ಅಳುವ ಪಾರಮ್ಮ.

ಈ ಸೀಮೆಯ ಹೆಂಗಸರು ಸುಮ್ಮನೆ ಅಳುವುದಿಲ್ಲ, ಹಾಡಾಡಿ ಅಳುತ್ತಾರೆ. ಹೆಣದ ತಲೆಯ ಹತ್ತಿರ ಕೂತು, ಸತ್ತವರನ್ನು ಹೆಸರು ಹಿಡಿದು ಕರೆದು, ಅವರು ಬದುಕಿದ್ದು, ಬೆಂದಿದ್ದು ಎಲ್ಲವನ್ನೂ ರಾಗದಲ್ಲಿ ಬಿಚ್ಚುತ್ತಾರೆ. ಅದಕ್ಕೊಂದು ಕಟ್ಟಳೆ ಇದೆ. ಹೆಣ ಅಂಗಳದಲ್ಲಿ ಇರುವ ತನಕ ಅಳುವವಳು ಯಾರ ಹೆಸರನ್ನು ಬೇಕಾದರೂ ಎತ್ತಬಹುದು. ಅವಳ ಬಾಯಿ ಮುಚ್ಚಿಸುವಂತಿಲ್ಲ, ಎದುರು ಮಾತಾಡುವಂತಿಲ್ಲ, ಆಮೇಲೆ ಅದನ್ನೇ ಹಿಡಿದುಕೊಂಡು ಜಗಳಕ್ಕೆ ಬರುವಂತಿಲ್ಲ. ಹೆಣ ಎತ್ತಿದರೆ ಅಲ್ಲಿಗೆ ಮುಗಿಯಿತು. ಹೆಣವಿಲ್ಲದ ಜಾಗದಲ್ಲಿ ಹಾಗೆ ಅತ್ತರೆ ಕೂತವರ ಮನೆಗೆ ಸಾವನ್ನು ಕರೆದಂತೆ ಎಂದು ಜನ ಹೆದರುತ್ತಾರೆ.

ಉಚ್ಚೆಂಗೆಪ್ಪನ ಸೊಸೆ ಬಾವಿಗೆ ಬಿದ್ದು ಸತ್ತಾಗ, ಅವನು ಕಟ್ಟೆಯ ಮೇಲೆ ಕೂತಿದ್ದಾಗಲೇ ಪಾರಮ್ಮ ಅತ್ತಳು. ಆ ಹುಡುಗಿಗೆ ಹೊಟ್ಟೆಗೆ ಹಾಕದೆ ಕೂಡಿಹಾಕಿದ್ದನ್ನು, ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದ್ದನ್ನು ರಾಗ ತೆಗೆದು ಹೇಳಿದಳು. ಉಚ್ಚೆಂಗೆಪ್ಪ ತಲೆ ತಗ್ಗಿಸಿ ಕೇಳಿದ. ಮರುದಿನ ಬೀದಿಯಲ್ಲಿ ಸಿಕ್ಕಾಗ, "ಊಟ ಆತೇನ ಪಾರಮ್ಮ?" ಎಂದ. "ಆತ್ರಿ" ಎಂದಳು. ಅಷ್ಟೇ. ಠಾಣೆಗೆ ಯಾರೂ ಹೋಗಲಿಲ್ಲ. ಅಳುವವಳನ್ನು ತಡೆಯುವುದಿಲ್ಲ ಎಂದು ಊರು ಬೀಗುತ್ತದೆ. ಅಳುವವಳ ಮಾತನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದೂ ಅದೇ ಕಟ್ಟಳೆಯ ಇನ್ನೊಂದು ಮಗ್ಗುಲು. ಪಾರಮ್ಮ ಅದನ್ನು ತಿಳಿದದ್ದು ತನ್ನ ಅಂಗಳಕ್ಕೆ ಹೆಣ ಬಂದಾಗ.

ಮೀನಾ ಅವಳ ಹಿರಿಯ ಮಗಳು. ಪಿಯುಸಿಗೆ ಸಾಲಿ ಬಿಟ್ಟು ಸೀಜನ್ನಿನಲ್ಲಿ ಹತ್ತಿ ಮಿಲ್ಲಿಗೆ ಹೋಗುತ್ತಿದ್ದಳು. ಮಿಲ್ಲು ಚಿದಾನಂದಪ್ಪ ಸಾಹುಕಾರನದು. ಮೊದಲ ಸಲ ಕೂಲಿ ಕೈಗೆ ಬಂದಾಗ ಬಳ್ಳಾರಿಗೆ ಹೋಗಿ ಹಸಿರು ವೇಲು ತಂದುಕೊಂಡಿದ್ದಳು. ಹುಡುಗಿಗೆ ಅವ್ವನ ಬಾಯಿಯೇ ಬಂದಿತ್ತು.

"ಯವ್ವಾ, ನಾ ಸತ್ರ ಹೆಂಗ ಅಳ್ತಿ? ಒಂದೀಟು ಅತ್ತು ತೋರ್ಸ, ಚಲೋ ಇದ್ರ ಸಾಯ್ತೀನಿ" ಎಂದು ಒಮ್ಮೆ ಚೇಷ್ಟೆ ಮಾಡಿ, ಕಸಬರಿಗೆಯಿಂದ ಎರಡು ತಿಂದಿದ್ದಳು.

ಮಿಲ್ಲಿನಲ್ಲಿ ದೊಡ್ಡ ಗಾಲಿಗೂ ಅದನ್ನು ತಿರುಗಿಸುವ ಬೆಲ್ಟಿನ ಪಟ್ಟಾಕ್ಕೂ ಅಡ್ಡಲಾಗಿ ಕಬ್ಬಿಣದ ಜಾಲರಿ ಇತ್ತು. ಹತ್ತಿಯ ಎಳೆ ಹಾರಿ ಹಾರಿ ಜಾಲರಿಗೆ ಮೆತ್ತಿಕೊಳ್ಳುತ್ತದೆ. ಆಗಾಗ ಯಂತ್ರ ನಿಲ್ಲಿಸಿ ಕೀಳಬೇಕು. ಸೀಜನ್ನಿನ ನಡುವೆ ಯಂತ್ರ ನಿಲ್ಲುವುದು ಸಾಹುಕಾರನಿಗೆ ಆಗಿಬರಲಿಲ್ಲ.

"ಇವತ್ತು ಜಾಲರಿ ತೆಗಿಸಿದ್ರು ಯವ್ವಾ," ಎಂದಿದ್ದಳು ಮೀನಾ ಅಂದು ಸಂಜೆ, ಕಾಲು ತೊಳೆಯುತ್ತ. "ಚಿದಾನಂದಪ್ಪ ಸಾವ್ಕಾರ ತಾನ ಬಂದು ನಿಂತು ತೆಗಿಸಿದ. ಸೀಜನ್ ಮುಗಿಯೋ ತನಕ ಹಿಂಗ ಇರ್ಲಿ ಅಂದ. ಗಾಳಿ ಹೆಂಗ ಬರ್ತೈತಿ ಗೊತ್ತೇನ, ಫ್ಯಾನ್ ಹಾಕ್ದಂಗ!"

"ದೂರ ನಿಂದ್ರವ್ವ" ಎಂದಳು ಪಾರಮ್ಮ, ರೊಟ್ಟಿ ತಿರುವಿ ಹಾಕುತ್ತ.

ಮರುದಿನ ಮಧ್ಯಾಹ್ನ ಹಸಿರು ವೇಲಿನ ತುದಿಯನ್ನು ಪಟ್ಟಾ ಎಳೆದುಕೊಂಡಿತು. ಅದಕ್ಕಿಂತ ಹೆಚ್ಚು ಬರೆಯುವುದು ಬೇಡ. ಬರೆದವರು ಬೇಕಾದಷ್ಟು ಇದ್ದಾರೆ.

ಬಳ್ಳಾರಿಯ ದೊಡ್ಡಾಸ್ಪತ್ರೆಯಿಂದ ಕೊಯ್ದು ಕಟ್ಟಿದ ಹೆಣ ಬಂತು. ಅಂಗಳದಲ್ಲಿ ಊರೆಲ್ಲ ನೆರೆದಿತ್ತು. ಟೋಪಿ ಕೈಯಲ್ಲಿ ಹಿಡಿದು ಇಬ್ಬರು ಪೊಲೀಸರು. ಮಿಲ್ಲಿನ ಮ್ಯಾನೇಜರು ಹೂವಿನ ಹಾರದೊಂದಿಗೆ. ಬಳ್ಳಾರಿಯ ಪಾರ್ವತಿನಗರದ ಬಾಡಿಗೆ ಕೋಣೆಯಿಂದ ಹಾಡಿನ ತಂಡದ ಪ್ರಭುಲಿಂಗನೂ ಕಾರ್ಮಿಕ ಸಂಘದವರ ಜೊತೆ ಬಂದಿದ್ದ. ಬಾಡಿಗೆ ಗಾಡಿ ತಂದವನು ಅವನೇ, ಆಸ್ಪತ್ರೆಯ ಬಾಗಿಲಲ್ಲಿ ಬೈದಾಡಿ ಹೆಣ ಬೇಗ ಬಿಡಿಸಿದವನೂ ಅವನೇ. ಅದನ್ನು ಮರೆತರೆ ಅನ್ಯಾಯವಾಗುತ್ತದೆ.

ಪಾರಮ್ಮ ಮಗಳ ತಲೆಯ ಹತ್ತಿರ ಕೂತಳು. ನೆಲಕ್ಕೆ ಅಂಗೈ ಬಡಿದು ಎತ್ತಿಕೊಂಡಳು:

ಜಾಲರಿ ತೆಗಿಸ್ಯಾನವ್ವಾ ಚಿದಾನಂದಪ್ಪ ತಾ ನಿಂತು
ಗಾಲಿಗೆ ಬಾಯಿ ಬಂತವ್ವಾ ನನ ಮೀನಾ
ಹಸರು ವೇಲಿನ ತುದಿಗೆ ಹಲ್ಲು ಹಚ್ಚಿತವ್ವಾ ನನ ಮೀನಾ
ಗಾಳಿ ಬರತೈತಿ ಅಂದೆಲ್ಲ, ಎಂಥಾ ಗಾಳಿ ಬಂತವ್ವಾ

ಹೀಗೇ ಹೆಣ ಎತ್ತುವ ತನಕ. ಮ್ಯಾನೇಜರು ಹಾರ ಹಿಡಿದವನು ಹಿಡಿದ ಹಾಗೇ ನಿಂತ. ಪೊಲೀಸರು ನೆಲ ನೋಡಿದರು. ಪ್ರಭುಲಿಂಗ ಅಳುತ್ತಲೇ ಫೋನಿನಲ್ಲಿ ಎಲ್ಲ ತುಂಬಿಕೊಂಡ.

ಮಣ್ಣು ಮಾಡಿ ಬಂದ ಮೇಲೆ ಲೋಕ ತನ್ನ ಕೆಲಸಕ್ಕೆ ಇಳಿಯಿತು. ಮಿಲ್ಲಿನವರು ರಾಜಿಗೆ ಬಂದರು. ಹುಡುಗಿಯದೇ ಅಜಾಗರೂಕತೆ ಎಂಬ ಕಾಗದಕ್ಕೆ ಪಾರಮ್ಮನ ಗಂಡ ಎರ್ರೆಪ್ಪ ಹೆಬ್ಬೆಟ್ಟು ಒತ್ತಿದ.

"ಏನ್ ಮಾಡ್ಲೇ ಪಾರಿ," ಎಂದ, ಗೋಡೆಯ ಕಡೆ ಮುಖ ಮಾಡಿ. "ಸಣ್ಣ ಮಗ ಪರಶು ಇನ್ನಾ ಸಾಲಿಗೆ ಹೋಗಾವ. ಅವ್ರ ಸಂಗಾಟ ನಾವು ಕೋರ್ಟಿಗೆ ಹೋಗಾಕ ಆಗ್ತೈತೇನು?"

"ಮಗಳ ಸಾವಿಗೆ ಮಗಳ ಕಾರಣ ಅಂತ ಒತ್ತಿ ಬಂದಿಯಲ್ಲ. ಆ ಬೆರಳಿಲೇ ಉಣ್ತಿ ಏನು ಇನ್ನಮ್ಯಾಲೆ?"

ಆ ಕಾಗದಕ್ಕೆ ಬಾಲವೂ ಬೆಳೆಯಿತು: ಮೀನಾ ಫೋನಿನಲ್ಲಿ ಯಾವನ ಜೊತೆಗೋ ಮಾತಾಡುತ್ತ ನಿಂತಿದ್ದಳಂತೆ, ವೇಲು ಜಾರಿದ್ದು ಗೊತ್ತಾಗಲಿಲ್ಲವಂತೆ. ಕುರುಗೋಡಿನ ಸಂತೆಯಲ್ಲಿ ಇದನ್ನು ಕೇಳಿದ ದಿನ ಪಾರಮ್ಮ ಸೊಪ್ಪಿನ ರಾಶಿಯ ಮುಂದೆಯೇ ಕೂಗಾಡಿದಳು. "ನನ ಮಗಳ ಹತ್ರ ಫೋನ ಇದ್ದಿಲ್ರೋ! ಯಾವನ ಜೋಡಿ ಮಾತಾಡ್ತಾಳ, ಗಾಲಿ ಜೋಡಿ?" ಮಾರುವವಳು ತಕ್ಕಡಿ ಕೆಳಗಿಟ್ಟಳು. ಯಾರೂ ನಂಬಲಿಲ್ಲ. ಕಾಗದದಲ್ಲಿ ಒಂದಿತ್ತು, ಅವಳ ಬಾಯಲ್ಲಿ ಇನ್ನೊಂದಿತ್ತು.

ಠಾಣೆಗೆ ಹೋದಳು. ಅಂದು ಅಂಗಳದಲ್ಲಿ ನಿಂತಿದ್ದವರಲ್ಲಿ ಒಬ್ಬ ಅಲ್ಲೇ ಇದ್ದ.

"ನೀವು ಕೇಳೀರಿ ಸಾಹೇಬ್ರ. ಜಾಲರಿ ಯಾರು ತೆಗಿಸಿದ್ರು ಅಂತ ನಿಮ್ಮ ಮುಂದನ ಹೇಳೀನಿ."

"ಕೇಳೀನವ್ವಾ, ಸುಳ್ಳು ಯಾಕ ಹೇಳ್ಲಿ. ಆದ್ರ ಅದು ಅತ್ತಿದ್ದು. ಹೇಳಿದ್ದು ಅಲ್ಲ."

ಹೀಗಾಗಿ ಮೀನಾ ಹೇಗೆ ಸತ್ತಳು ಎಂಬ ನಿಜ ಉಳಿದದ್ದು ಒಂದೇ ಜಾಗದಲ್ಲಿ, ಪ್ರಭುಲಿಂಗನ ಫೋನಿನಲ್ಲಿ. ಪಾರಮ್ಮ ಅದನ್ನೇ ನಂಬಿದಳು. ಹಾಡಿನವರು ನಮ್ಮವರು, ಊರೂರು ತಿರುಗುವವರು. ಊರೂರಿಗೂ ಗೊತ್ತಾಗುತ್ತದೆ ಅಂದುಕೊಂಡಳು.

ಗೊತ್ತಾಯಿತು, ನಿಜ. ಪ್ರಭುಲಿಂಗ ಹಾಡು ಕಟ್ಟಿದ. ಬಳ್ಳಾರಿಯಲ್ಲಿ ಕಾರ್ಮಿಕರ ಸಭೆಯಲ್ಲಿ ಮೊದಲ ಸಲ ಹಾಡುವಾಗ ಪಾರಮ್ಮನನ್ನು ಕರೆಸಿ ಮುಂದಿನ ಸಾಲಿನಲ್ಲಿ ಕೂರಿಸಿದ. ಹಲಗೆ ಎದ್ದಿತು.

ಗಾಲಿ ತಿರುಗುತಾವೋ ಮಗಳೇ ಕಾಲದ ಗಾಲಿ ತಿರುಗುತಾವೋ
ಲಾಭದ ಬಾಯಿಗೆ ಹಲ್ಲು ಬಂದಾವೋ
ನಿನ ವೇಲು ನೆತ್ತರಾಗಿ ಕೆಂಬಾವುಟ ಆತೋ

ಪಾರಮ್ಮ ಕಾದಳು. ಹಾಡು ಮುಗಿಯಿತು. ಚಪ್ಪಾಳೆ ನಿಲ್ಲಲೇ ಇಲ್ಲ. ಆಮೇಲೆ ಪ್ರಭುಲಿಂಗನನ್ನು ನೀರಿನ ಡ್ರಮ್ಮಿನ ಹತ್ತಿರ ಹಿಡಿದಳು.

"ಪ್ರಭಣ್ಣ, ನನ ಮಗಳ ವೇಲು ಹಸ್ರು ಇತ್ತಪಾ."

"ಅದು ಗೊತ್ತಕ್ಕಾ. ಅದು ಸಂಕೇತ."

"ಆತು, ಬಣ್ಣ ಹಚ್ಕ. ಚಿದಾನಂದಪ್ಪ ಎಲ್ಲಿ ಹೋದ?"

ಪ್ರಭುಲಿಂಗ ಅವಳ ಕೈ ಹಿಡಿದು ಕೂರಿಸಿದ. ಮೋಸಗಾರನಲ್ಲ ಅವನು. ಮನಸ್ಸಿನಲ್ಲಿದ್ದದ್ದನ್ನೇ ಹೇಳಿದ. "ನೋಡಕ್ಕಾ, ಒಬ್ಬ ಚಿದಾನಂದಪ್ಪನ್ನ ಬೈದ್ರ ಹಾಡು ಸಣ್ಣದಾಗ್ತೈತಿ. ನಾಳಿ ಅವ ಸಾಯ್ತಾನ, ಹಾಡೂ ಸಾಯ್ತೈತಿ. ಇಂಥಾ ಸಾವಿರ ಚಿದಾನಂದಪ್ಪ ಅದಾರ. ತಪ್ಪು ವ್ಯವಸ್ಥಾದ್ದು. ನಮ್ಮ ಹಾಡು ಅದರ ಮ್ಯಾಲೆ."

"ವ್ಯವಸ್ಥಾ ಬಂದು ಜಾಲರಿ ತೆಗಿಸ್ತೇನು? ವ್ಯವಸ್ಥಾ ಪಂಚಿ ಉಟ್ಕಂಡಿತ್ತೇನು?"

ಸುತ್ತ ಇದ್ದವರು ನಕ್ಕರು. ಪ್ರಭುಲಿಂಗನೂ ನಕ್ಕ. "ನಿನ್ನ ಬಾಯಿಗೆ ಶರಣಕ್ಕಾ" ಎಂದ. ಹೆಸರು ಹಾಕುತ್ತೇನೆ ಎನ್ನಲಿಲ್ಲ.

ಚಳವಳಿಯ ಜನ ಮಾತ್ರ ಮಾಡಬಲ್ಲ ತಪ್ಪು ಇದು. ಬೇರೆಯವರು ಹೆದರಿ ಹೆಸರು ಬಿಡುತ್ತಾರೆ, ದುಡ್ಡು ತಿಂದು ಬಿಡುತ್ತಾರೆ. ಇವರು ಸಿದ್ಧಾಂತಕ್ಕಾಗಿ ಬಿಟ್ಟರು. ಕೊಂದವನು ದೊಡ್ಡದಾಗಿ ಕಾಣಲಿ ಎಂದು ಅವನನ್ನು ಆಕಾಶದಷ್ಟು ಹಿಗ್ಗಿಸಿದರು. ಆಕಾಶವನ್ನು ಯಾವ ಠಾಣೆಗೂ ಕರೆಸುವುದಕ್ಕೆ ಬರುವುದಿಲ್ಲ.

ಹಾಡು ಊರು ಬಿಟ್ಟು ಊರಿಗೆ ಹೋಯಿತು. ಗಾರೆ ಕೆಲಸದವರ ಮುಷ್ಕರದಲ್ಲಿ ಹಾಡಿದರು. ಬಿಸಿಲಲ್ಲಿ ಕೂತು ಬಾಡಿದ್ದ ಹೆಂಗಸರು ಎದ್ದು ನಿಂತರು. ಸುಳ್ಳಲ್ಲ, ಆ ಹಾಡಿಗೆ ಕಸುವಿತ್ತು. ಪುಸ್ತಕದಲ್ಲಿ ಅಚ್ಚಾಯಿತು, ಕೆಳಗೆ "ಜನಪದ ಮೂಲ, ರೂಪ: ಪ್ರಭುಲಿಂಗ" ಎಂದು. ಕಾಲೇಜು ಹುಡುಗಿಯರು ಸ್ಪರ್ಧೆಯಲ್ಲಿ ಹಾಡಿ ಬಹುಮಾನ ತಗೊಂಡರು. ಕನ್ನಡ ಮೇಷ್ಟ್ರೊಬ್ಬರು ಲೇಖನ ಬರೆದು, ಇದರಲ್ಲಿ ಒಬ್ಬ ತಾಯಿಯ ದುಃಖ ಎಲ್ಲ ತಾಯಂದಿರ ದುಃಖವಾಗಿ ಏರುತ್ತದೆ ಎಂದರು. ಅದನ್ನು ಯಾರೋ ಓದಿ ಹೇಳಿದಾಗ ಪಾರಮ್ಮ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. "ಏರ್ಲಿ ಬಿಡು. ನಾ ಇಲ್ಲೇ ಕೆಳಗ ಅದೀನಿ" ಎಂದಳು.

ಹಾಡಿನ ಬಗ್ಗೆ ಕೇಳಿದರೆ ಅವಳದು ಒಂದೇ ಮಾತು. "ಚಂದ ಐತಿ. ಚಂದ ಐತಿ ಅಂತನ ನನಗ ಸಿಟ್ಟು."

ಕಳೆದ ಚಳಿಗಾಲದಲ್ಲಿ ಬಳ್ಳಾರಿಯ ಒಂದು ಸಭಾಂಗಣದಲ್ಲಿ ಕಲೆ, ಸಾಹಿತ್ಯ, ಹೋರಾಟ ಎಂದೆಲ್ಲ ಹೆಸರಿಟ್ಟು ಇಡೀ ದಿನದ ಕಾರ್ಯಕ್ರಮ ಮಾಡಿದರು. ಪಾರಮ್ಮನಿಗೆ ಜನಪದ ಗಾಯಕಿ ಎಂದು ಸನ್ಮಾನ ಇಟ್ಟಿದ್ದರು. ಬರುವುದಿಲ್ಲ ಎಂದಿದ್ದಳು. ತಂಡದಲ್ಲಿ ಹೊಸದಾಗಿ ಸೇರಿದ್ದ ಜ್ಯೋತಿ ಎಂಬ ಹುಡುಗಿ ಬಾದನಹಟ್ಟಿಗೇ ಬಂದು, "ಬರ್ರಿ ಯವ್ವಾ, ನಿಮ್ಮ ಮುಂದ ಹಾಡಬೇಕಂತ ಆಸಿ ಐತಿ" ಎಂದು ಎಳೆದುಕೊಂಡು ಹೋದಳು.

ವೇದಿಕೆಯ ಮೇಲೆ ಮುಖ್ಯ ಅತಿಥಿಯ ಕುರ್ಚಿಯಲ್ಲಿ ಚಿದಾನಂದಪ್ಪ ಕೂತಿದ್ದ. ಕೂದಲು ಬೆಳ್ಳಗಾಗಿತ್ತು, ಶಾಲು ಹೊದ್ದಿದ್ದ. ಪಾರಮ್ಮ ಪ್ರಭುಲಿಂಗನ ಕಡೆ ನೋಡಿದಳು. ಅವನ ಮುಖ ಬಾಡಿತ್ತು.

"ನನಗ ಗೊತ್ತಿದ್ದಿಲ್ಲಕ್ಕಾ. ಸ್ವಾಗತ ಸಮಿತಿಯವ್ರು ಕರದಾರ. ಇದೊಂದ್ ದಿನ ತಡಕ."

ಜ್ಯೋತಿ ಹಾಡಿದಳು. ಒಳ್ಳೆಯ ಕಂಠ ಹುಡುಗಿಯದು. ಗಾಲಿ ತಿರುಗುತಾವೋ ಎಂದು ಎಳೆದಾಗ ಚಿದಾನಂದಪ್ಪ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡ. ನಾಟಕವಾಡಲಿಲ್ಲ, ನಿಜವಾಗಿ ಅತ್ತ. ಆಮೇಲೆ ಮೈಕು ಹಿಡಿದು, "ಈ ಹಾಡು ಕೇಳಿದಾಗೆಲ್ಲಾ ಕರುಳು ಹಿಂಡತೈತ್ರಿ. ನನಗೂ ಹೆಣ್ಮಕ್ಕಳು ಅದಾರ. ಆ ತಾಯಿ ಯಾರೋ ಏನೋ, ಆಕಿ ಪಾದಕ್ಕ ನನ್ನ ಶರಣು" ಎಂದ. ಸಭೆ ಚಪ್ಪಾಳೆ ಹೊಡೆಯಿತು.

ಒಬ್ಬ ಕೊಲೆಗಾರ ತನ್ನ ಕೊಲೆಯ ಹಾಡು ಕೇಳಿ ಹಾಯಾಗಿ ಅಳಬಲ್ಲನಾದರೆ ಆ ಹಾಡು ಯಾರ ಕೆಲಸ ಮಾಡಿದ ಹಾಗಾಯಿತು? ಆ ಸಭಾಂಗಣದಲ್ಲಿ ಹಾಗೆ ಕೇಳಿದವರು ಯಾರೂ ಇರಲಿಲ್ಲ.

ಸನ್ಮಾನಕ್ಕೆ ಕರೆದರು. ಪಾರಮ್ಮ ಮೆಟ್ಟಿಲು ಹತ್ತಿದಳು. ಶಾಲು ಹೊದಿಸಲು ಚಿದಾನಂದಪ್ಪನೇ ಎದ್ದ. ಅವನಿಗೆ ಗುರುತು ಹತ್ತಲಿಲ್ಲ. ಮೀನಾ ಸತ್ತಾಗ ಅವನು ಅಂಗಳಕ್ಕೆ ಬಂದಿರಲೇ ಇಲ್ಲವಲ್ಲ.

"ಸಾವ್ಕಾರ್ರ, ಆ ತಾಯಿ ಯಾರಂತ ಗೊತ್ತೇನ್ರಿ?" ಎಂದಳು.

"ಎಲ್ಲಾ ತಾಯಂದಿರೂ ಒಂದ ಅಲ್ಲೇನವ್ವಾ."

"ಅಲ್ರಿ. ನಾ ಒಬ್ಬಾಕಿನ ಅದೀನಿ. ಬಾದನಹಟ್ಟಿ ಮೀನಾನ ಅವ್ವ. ನಿಮ್ಮ ಮಿಲ್ಲಿನಾಗ ಸತ್ತಾಕಿ."

ಶಾಲು ಅವನ ಕೈಯಲ್ಲೇ ಉಳಿಯಿತು. ಪಾರಮ್ಮ ಮೈಕಿನ ಕಂಬವನ್ನು ಬಗ್ಗಿಸಿಕೊಂಡು ವೇದಿಕೆಯ ಮೇಲೆ ಕಾಲು ಮಡಚಿ ಕೂತಳು. ಎದುರಿಗೆ ಬರೀ ಮರದ ನೆಲ. ಅದಕ್ಕೆ ಅಂಗೈ ಬಡಿದು ಎತ್ತಿಕೊಂಡಳು: ಜಾಲರಿ ತೆಗಿಸ್ಯಾನವ್ವಾ...

ಹಿಂದಿನ ಸಾಲಿನಿಂದ ಒಬ್ಬ ಕೂಗಿದ. "ಏ, ಹೆಣ ಇಲ್ಲದ ಜಾಗದಾಗ ಅಳ್ತಾಳಲ್ರಿ ಈಕಿ! ಎಬ್ಬಸ್ರಿ, ಕೆಟ್ಟದ್ದು!" ಹೆಂಗಸರು ಮಕ್ಕಳನ್ನು ಎಳೆದುಕೊಂಡು ಎದ್ದರು. ಅವಳ ಊರಿನಿಂದ ಬಂದಿದ್ದ ಜಂಬಮ್ಮ, ಎಷ್ಟೋ ಹೆಣಗಳ ಮುಂದೆ ಅವಳ ಜೊತೆ ದನಿ ಕೂಡಿಸಿದವಳು, "ಬ್ಯಾಡ ಪಾರಿ, ಮನ್ಯಾಗ ಪರಶು ಅದಾನ, ಬ್ಯಾಡ" ಎಂದು ಕೆಳಗಿನಿಂದ ಕೈ ಮುಗಿದಳು. ಪಾರಮ್ಮ ನಿಲ್ಲಿಸಲಿಲ್ಲ. ಚಿದಾನಂದಪ್ಪ ಎಂಬ ಹೆಸರು ಮೈಕಿನಲ್ಲಿ ಒಂದು ಸಲ ಪೂರ್ತಿ ಬಂತು.

ಎರಡನೆಯ ಸಲ ಬರಲಿಲ್ಲ. ಹಾಡಿನ ತಂಡಗಳಿಗೆ ಒಂದು ಅಭ್ಯಾಸ ಇರುತ್ತದೆ. ಪೊಲೀಸರು ಬಂದು ಹಾಡು ನಿಲ್ಲಿಸಲು ನೋಡಿದರೆ ಮುಖ್ಯಸ್ಥ ಕೈ ಎತ್ತುತ್ತಾನೆ. ಆಗ ಎಲ್ಲ ಹಲಗೆಗಳೂ ಒಟ್ಟಿಗೆ ಏಳಬೇಕು, ಬೂಟಿನವರ ಮಾತು ಅದರೊಳಗೆ ಮುಳುಗಿಹೋಗಬೇಕು. ಪ್ರಭುಲಿಂಗ ಕೈ ಎತ್ತಿದ. ಹುಡುಗರು ಯೋಚಿಸಲಿಲ್ಲ, ಕಲಿತದ್ದನ್ನು ಮಾಡಿದರು. ಗಾಲಿ ತಿರುಗುತಾವೋ ಎಂದು ಇಡೀ ತಂಡ ದನಿ ಎತ್ತಿತು. ಪಾರಮ್ಮನ ಬಾಯಿ ಅಲ್ಲಾಡುತ್ತಿದ್ದುದು ಕಾಣುತ್ತಿತ್ತು. ಕೇಳಿಸಿದ್ದು ಅವಳದೇ ಹಾಡು, ಪ್ರಭುಲಿಂಗ ಕಟ್ಟಿಕೊಂಡದ್ದು.

ಹೊರಗಿನ ಪಡಸಾಲೆಯಲ್ಲಿ ಅವನು ಓಡಿ ಬಂದ. ಕಣ್ಣಲ್ಲಿ ನೀರಿತ್ತು.

"ನಿನ್ನ ಉಳಿಸಾಕ ಮಾಡಿದ್ನಕ್ಕಾ. ಮಾನನಷ್ಟ ಕೇಸ್ ಹಾಕ್ತಿದ್ದ ಅವ."

"ಹಾಕ್ಲಿ ಬಿಡೋ. ಕೋರ್ಟಿನಾಗಾರ ಅವನ ಹೆಸ್ರು ನನ ಮಗಳ ಹೆಸ್ರು ಒಂದ ಹಾಳಿ ಮ್ಯಾಲೆ ಬರ್ತಿದ್ವು." ಸೆರಗು ಕೊಡವಿದಳು. "ಪೊಲೀಸ್ರಿಗೆ ಬಾರಸೋ ಹಲಗಿ ನನಗ ಬಾರಸಿದಿ. ಇನ್ನ ಅಕ್ಕಾ ಅನಬ್ಯಾಡ."

ಕುರುಗೋಡು ಬಸ್ಸಿಗೆ ಕಾಯುತ್ತ ಕೂತಾಗ ಜ್ಯೋತಿ ಬಂದು ಪಕ್ಕದಲ್ಲಿ ಕೂತಳು.

"ಆ ಜಾಲರಿ ಸಾಲು ಹೇಳಿಕೊಡ್ರಿ ಯವ್ವಾ."

"ಹಾಡ್ತಿ ಏನು?"

"ಪ್ರಭಣ್ಣ ಬೈತಾನ."

"ಬೈಸ್ಕ."

ಬಸ್ಸಿನ ಗದ್ದಲದ ನಡುವೆ ಪಾರಮ್ಮ ಆ ಸಾಲು ಹೇಳಿಕೊಟ್ಟಳು, ರಾಗವಿಲ್ಲದೆ, ಬರಿ ಮಾತಿನಲ್ಲಿ. ಬಸ್ ನಿಲ್ದಾಣದಲ್ಲಿ ಅಳಲಿಲ್ಲ.

ಮುಂದಿನ ಕಾರ್ಯಕ್ರಮ ಸಿರಿಗೇರಿಯಲ್ಲಿ. ಜ್ಯೋತಿ ಅರ್ಧ ಧೈರ್ಯ ಮಾಡಿದಳು. ಕಾಲದ ಗಾಲಿ ಎನ್ನುವ ಮುಂಚೆ, ಆ ಸಾಲು ಬರಬೇಕಾದಲ್ಲಿ, ಬಾಯಿ ಮುಚ್ಚಿ ನಿಂತಳು. ಹೆಸರು ಹೇಳಲು ಹೆದರಿಕೆ, ಬಿಟ್ಟು ಹಾಡಲು ನಾಚಿಕೆ. ಸಾಲಿನಷ್ಟು ಹೊತ್ತು ಒಂದು ಹಲಗೆ ಮಾತ್ರ ಮೆಲ್ಲಗೆ ಬಡಿಯಿತು. ಜನಕ್ಕೆ ಅದು ಬಹಳ ಹಿಡಿಸಿತು. ಏನು ಮೌನ, ಏನು ಕಲ್ಪನೆ ಎಂದರು. ಈಗ ಬೇರೆ ತಂಡದವರೂ ಅಲ್ಲಿ ಹಾಗೇ ನಿಲ್ಲುತ್ತಾರೆ. ಯಾಕೆ ನಿಲ್ಲುವುದು ಎಂದು ಅವರಿಗೆ ಗೊತ್ತಿಲ್ಲ. ಪಾರಮ್ಮನಿಗೆ ಯಾರೋ ಫೋನಿನಲ್ಲಿ ತೋರಿಸಿದರು. ಪೂರ್ತಿ ನೋಡದೆ ಫೋನು ತಿರುಗಿ ಕೊಟ್ಟಳು. "ಸುಮ್ಮನಿರೋದಕ್ಕೂ ಚಪ್ಪಾಳಿ ಹೊಡೀತಾರ, ನೋಡವಾ" ಎಂದು ಕೆಲಸಕ್ಕೆ ಹೋದಳು. ಮಿಲ್ಲು ನಡೆಯುತ್ತಿದೆ. ಕುರುಗೋಡಿನ ಸಂತೆಯ ಮಾತಿನಲ್ಲಿ ಮೀನಾ ಇನ್ನೂ ಫೋನಿನಲ್ಲಿ ಮಾತಾಡುತ್ತಲೇ ಸಾಯುತ್ತಿದ್ದಾಳೆ.

ಇದನ್ನು ಓದುವ ನೀವು ಇಂಥ ಸಭೆಗಳಿಗೆ ಹೋಗುವವರೇ. ಮುಂದಿನ ಸಲ ಹಾಡುವವರು ಅಲ್ಲಿ ಬಾಯಿ ಮುಚ್ಚಿ ನಿಂತಾಗ ಕಣ್ಣು ಒರೆಸಿಕೊಳ್ಳಬೇಡಿ, ಚಪ್ಪಾಳೆ ಹೊಡೆಯಬೇಡಿ. ಎದ್ದು ನಿಂತು, ಮೈಕಿಲ್ಲದೆ, ಹಲಗೆಗಿಂತ ಜೋರಾಗಿ ಹೇಳಿ: ಜಾಲರಿ ತೆಗೆಸಿದವನು ಚಿದಾನಂದಪ್ಪ, ಸತ್ತವಳು ಮೀನಾ, ಅವಳ ಕೈಯಲ್ಲಿ ಫೋನು ಇರಲಿಲ್ಲ. ಅಷ್ಟು ಆಗುವುದಿಲ್ಲವಾದರೆ ಆ ಹಾಡು ಕೇಳಲು ಹೋಗಬೇಡಿ.